ಇಳಿಯುವ ನೀರಿಗೆ ಕಟ್ಟಿದ ಹಗ್ಗ

ನಮ್ಮ ಕಡೆ ಅಂಬಿಗರ ಹಳೆಯ ಕತೆ ಹೇಳುವವರು ದಾಟಿಸಿದ್ದನ್ನೇ ಹೇಳುತ್ತಾರೆ: ಮಹಾಪೂರದಲ್ಲಿ ಬಾಣಂತಿಯನ್ನು ದಾಟಿಸಿದ್ದು, ಚಿಂಚಲಿ ಮಾಯಕ್ಕನ ಜಾತ್ರೆಯ ಜನರನ್ನು ದಾಟಿಸಿದ್ದು. ದಾಟಿಸಿದ ಮೇಲೆ ದೋಣಿಯನ್ನು ಎಲ್ಲಿ, ಹೇಗೆ ಕಟ್ಟಿದರು ಎಂದು ಯಾರೂ ಕೇಳುವುದಿಲ್ಲ. ಅಂಬಿಗರ ಮನೆಯಲ್ಲಿ ಹುಟ್ಟಿ ಸಾಲಿ ಮಾಸ್ತರನಾದ ನನಗೆ ಆ ಕೆಲಸವೇ ದೊಡ್ಡದಾಗಿ ಕಾಣುತ್ತದೆ. ದಾಟಿಸುವುದು ಸ್ವಲ್ಪ ಹೊತ್ತಿನ ಮಾತು. ಉಳಿದ ಹೊತ್ತೆಲ್ಲ ದೋಣಿ ಇರುತ್ತಿದ್ದುದು ದಂಡೆಯಲ್ಲಿ, ಕೆಡುತ್ತಿದ್ದುದೂ ಅಲ್ಲೇ.

ಕುಮಟಾ ಕಡೆಯ ಅಘನಾಶಿನಿಯ ಅಳಿವೆಯಲ್ಲಿ ನೀರು ದಿನಕ್ಕೆರಡು ಸಲ ಏರಿ ಇಳಿಯುತ್ತದೆ; ತಿಥಿ ನೋಡಿ ಹೊತ್ತು ಹೇಳಬಹುದು. ನಮ್ಮ ಕೃಷ್ಣೆ ಏರುವುದು ಬೇರೆ ಊರಿನ ಮಳೆಗೆ. ಮಹಾಬಳೇಶ್ವರದಿಂದ ಬರುವ ಹೊಳೆಗೆ ಕರಾಡದಲ್ಲಿ ಕೊಯ್ನಾ, ಸಾಂಗಲಿಯ ಹತ್ತಿರ ವಾರಣಾ, ನರಸೋಬಾ ವಾಡಿಯಲ್ಲಿ ಪಂಚಗಂಗಾ, ಕಲ್ಲೋಳ–ಯಡೂರಿನ ಬಳಿ ದೂಧಗಂಗಾ ಕೂಡುತ್ತವೆ. ಅಥಣಿಯ ಬಯಲಲ್ಲಿ ಬಿಸಿಲು ಕಾಯುತ್ತಿರುವಾಗಲೇ ಕುಡಚಿಯಲ್ಲಿ ಹೊಳೆ ದಂಡೆ ತುಂಬಿರಬಹುದು. ಕೃಷ್ಣೆ ತುಂಬಿ ನಿಂತಾಗ ದೂಧಗಂಗೆಯ ನೀರಿಗೆ ಹೋಗಲು ದಾರಿಯಿಲ್ಲ. ಅದು ಮಲಿಕವಾಡ, ಸದಲಗಾ ಕಡೆಗೆ ಹಿಂದೊತ್ತುತ್ತದೆ. ಸೆಳವಿಲ್ಲದೆಯೇ ಏರುತ್ತದೆ, ಕೃಷ್ಣೆ ದಾರಿ ಬಿಟ್ಟ ಮೇಲೆ ಸರಸರ ಇಳಿಯುತ್ತದೆ. ಅಲ್ಲಿ ದೋಣಿ ಕಟ್ಟುವುದೆಂದರೆ ಅಳಿವೆಯಲ್ಲಿ ಕಟ್ಟಿದ ಹಾಗೆಯೇ, ಪಂಚಾಂಗದ ಸಹಾಯ ಮಾತ್ರ ಇಲ್ಲ.

ನನ್ನ ಮುತ್ಯಾನದು ಹಲಗೆಯ ದೋಣಿ. “ತಮ್ಮಾ, ಏರೂ ನೀರು ದೋಣಿ ಮುರಿಯೂದಿಲ್ಲ, ಇಳಿಯೂ ನೀರು ಮುರೀತೈತಿ” ಎನ್ನುತ್ತಿದ್ದ. ಹಗ್ಗ ಉದ್ದವಿದ್ದರೆ ಏರುವ ನೀರಿನ ಸಂಗಡ ದೋಣಿಯೂ ಏರುತ್ತದೆ. ರಾತ್ರಿ ನೀರು ಇಳಿದರೆ ದೋಣಿಯ ಒಂದು ಮಗ್ಗುಲು ಕಲ್ಲಿನ ಮೇಲೆ, ಇನ್ನೊಂದು ಗಾಳಿಯಲ್ಲಿ. ತಳದ ಹಲಗೆ ದೋಣಿಯ ಭಾರಕ್ಕೇ ಬಾಗಿ ಸಂದು ಬಿಡುತ್ತದೆ. ಹಗ್ಗ ಗಿಡ್ಡವಾದರೆ ಮೂತಿ ಮೇಲೆ ತೂಗಿ, ಹಿಂಬದಿಯಿಂದ ನೀರು ಒಳಗೆ ಬರುತ್ತದೆ. ಅದಕ್ಕೇ ಅವನು ಗುಡಿಯ ಮೆಟ್ಟಿಲ ಹತ್ತಿರ ರಾತ್ರಿ ದೋಣಿ ಬಿಡುತ್ತಿರಲಿಲ್ಲ. ಹೊಳೆ ಹೊರಳುವಲ್ಲಿ ಒಳಮಗ್ಗುಲಿಗೆ, ರಾಡಿ ಕೂತ ಸಮ ನೆಲದ ಮೇಲೆ, ಮೂತಿಯನ್ನು ಸೆಳವಿಗೆ ಎದುರು ಮಾಡಿ ನಿಲ್ಲಿಸುತ್ತಿದ್ದ. ಬೇಸಿಗೆಯಲ್ಲಿ ತಳ ಕಂಡಾಗ ಅದೇ ಜಾಗದಲ್ಲಿ ಗಳ ಊರುತ್ತ ನಡೆದು ಎಲ್ಲಿ ಕಲ್ಲಿದೆ, ಎಲ್ಲಿ ಬೊಡ್ಡೆಯಿದೆ ಎಂದು ಗುರುತು ಹಿಡಿದಿರುತ್ತಿದ್ದ. ಮುಂದಿನ ಹಗ್ಗ ದಂಡೆಯ ಗೂಟಕ್ಕೆ. ಹಿಂದಿನ ಹಗ್ಗಕ್ಕೆ ಭಾರದ ಕಲ್ಲು ಕಟ್ಟಿ ನೀರಿಗೆ. ಎರಡರ ನಡುವೆ ದೋಣಿ ದಂಡೆಗೆ ಉಜ್ಜದೆ ಏರಿಳಿಯುತ್ತಿತ್ತು.

ಗೂಟ ಹುಗಿಯುವುದಕ್ಕೂ ತಿಳಿವಳಿಕೆ ಬೇಕು. ನಮ್ಮದು ಎರಿ ಮಣ್ಣು. ನೀರು ಕುಡಿದ ದಂಡೆಯನ್ನು ಹೊಳೆ ಒತ್ತಿ ಹಿಡಿದಿರುವ ತನಕ ಅದು ನಿಂತಿರುತ್ತದೆ. ಹೊಳೆ ಬೇಗ ಇಳಿದರೆ ಆ ಆಸರೆ ತಪ್ಪಿ, ಗೂಟ ಹಗ್ಗ ಜಾಲಿಗಿಡ ಸಮೇತ ಕುಸಿಯುತ್ತದೆ. ಆದ್ದರಿಂದ ಗೂಟ ಅಂಚಿನಿಂದ ಬಹಳ ಹಿಂದೆ, ಯಾರದೋ ಹೊಲದೊಳಗೆ ಇರಬೇಕು. ಜಾಗ ಕೊಟ್ಟ ಒಕ್ಕಲಿಗನ ಮನೆಯವರನ್ನು ಮುತ್ಯಾ ಪುಕ್ಕಟೆ ದಾಟಿಸುತ್ತಿದ್ದ. ಉಳಿದವರು ಸುಗ್ಗಿಯಲ್ಲಿ ಜೋಳ ಅಳೆದು ಕೊಡುತ್ತಿದ್ದರು.

ಬೇಸಿಗೆಯಲ್ಲಿ ಹೊಳೆಯನ್ನು ನಡೆದೇ ದಾಟುವಂತಾದಾಗ ದೋಣಿಯನ್ನು ದಂಡೆಗೆ ಎಳೆದಿಟ್ಟರೆ ಬಿಸಿಲಿಗೆ ಹಲಗೆ ಸೀಳುತ್ತದೆ. ಮಡುವಿನಲ್ಲಿ ಕಲ್ಲು ಹೇರಿ ಮುಳುಗಿಸಿಡುವುದು ಅದಕ್ಕೆ ಉಪಾಯ. ಮಿರಗದ ಮಳೆಯ ಮುಂಚೆ ಮೇಲೆತ್ತಿ, ಸಂದುಗಳಿಗೆ ಅರಳೆ ತುಂಬಿ ಡಾಂಬರು ಬಳಿಯುತ್ತಿದ್ದರು. ಚರ್ಮದ ಹರಿಗೋಲಿನ ರೀತಿ ಇದಕ್ಕೆ ಪೂರಾ ತಿರುವುಮುರುವು: ನೀರಲ್ಲೇ ಬಿಟ್ಟರೆ ಚರ್ಮ ಕೊಳೆಯುತ್ತದೆ, ಮೇಲೆಳೆದು ಬೋರಲು ಹಾಕಿ ಆರಿಸಬೇಕು. 1803ರಲ್ಲಿ ಪೇಶ್ವೆ ಬಾಜೀರಾಯನನ್ನು ಪುಣೆಯ ಗಾದಿಯ ಮೇಲೆ ಮತ್ತೆ ಕೂರಿಸಲು ಹೋದ ಬ್ರಿಟಿಷ್ ದಂಡಿನ ಆರ್ಥರ್ ವೆಲ್ಲೆಸ್ಲಿ, ಮಳೆಗಾಲದಲ್ಲಿ ಮೈಸೂರಿನಿಂದ ದಂಡಿಗೆ ಸಾಮಾನು ಬರುವುದು ನಿಲ್ಲಬಾರದೆಂದು ಮಲಪ್ರಭಾ, ಘಟಪ್ರಭಾ, ಕೃಷ್ಣಾ ಹೊಳೆಗಳಿಗೆ ಇಂಥ ಹರಿಗೋಲುಗಳನ್ನೇ ಮಾಡಿಸಿದ. ದಂಡಿನ ಚರಿತ್ರೆಯಲ್ಲಿ ಅವನ ಹೆಸರಿದೆ. ಆ ಹರಿಗೋಲುಗಳನ್ನು ಮಳೆಯಲ್ಲಿ ಕಾಯ್ದವರ ಹೆಸರೂ ಇರಬೇಕಿತ್ತು ಎಂದು ನನಗೆ ಅನಿಸುತ್ತದೆ.

ಮುಂದೆ ಮುಂಬಯಿ ಸರಕಾರ 1868ರಲ್ಲಿ ದೋಣಿಗಡಗಳಿಗೆ ಕಾಯದೆ ಮಾಡಿತು. ಸರಕಾರಿ ಗಡಗಳನ್ನು ಗುತ್ತಿಗೆಗೆ ಕೊಡುವ ಪದ್ಧತಿ ಗಟ್ಟಿಯಾಯಿತು. ಆದರೆ ಹೊಳೆ ಒಂದೇ ರಾಜ್ಯದ್ದಾಗಿರಲಿಲ್ಲ. ಅಥಣಿ, ಚಿಕ್ಕೋಡಿ ಬ್ರಿಟಿಷರವು. ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು. ರಾತ್ರಿ ದೋಣಿ ಯಾವ ದಂಡೆಗೆ ನಿಂತಿತೆಂಬುದರ ಮೇಲೆ ಅದು ಯಾರ ರಾಜ್ಯದಲ್ಲಿ ಮಲಗಿತೆಂಬುದೂ ನಿಂತಿತ್ತು. ಈಗಲೂ ಜುಗೂಳ ಕರ್ನಾಟಕ, ಹೊಳೆಯಾಚೆಗಿನ ಕೊಪ್ಪೇಶ್ವರನ ಖಿದ್ರಾಪುರ ಮಹಾರಾಷ್ಟ್ರ.

ಎಲ್ಲಕ್ಕಿಂತ ದೊಡ್ಡ ಬದಲು ಕೊಯ್ನಾ ಆಣೆಕಟ್ಟಿನಿಂದ ಬಂತು. 1964ರಲ್ಲಿ ಆ ಆಣೆಕಟ್ಟು ಮುಗಿದ ಮೇಲೆ ಹೊಳೆ ಮಳೆಯ ಮಾತನ್ನಷ್ಟೇ ಕೇಳುವುದು ನಿಂತಿತು. ಬಾಗಿಲು ತೆರೆದವರ, ಮುಚ್ಚಿದವರ ಮಾತನ್ನೂ ಕೇಳತೊಡಗಿತು. ನೀರಿನ ಬಣ್ಣ, ತೇಲಿ ಬರುವ ನೊರೆ, ಕಡ್ಡಿ ನೋಡಿ ಏರಿಕೆಯನ್ನು ಮೊದಲೇ ಹೇಳುತ್ತಿದ್ದವರಿಗೆ ಇಳಿತ ಹೇಳುವುದು ಕಷ್ಟವಾಯಿತು. ಆಮೇಲೆ ಬ್ಯಾರೇಜುಗಳು ಬಂದವು. ಹಿಪ್ಪರಗಿಯ ಹಿನ್ನೀರು ಅಥಣಿ, ರಾಯಬಾಗದ ದಂಡೆಗಳವರೆಗೆ ನಿಂತಿತು. ಕಲ್ಲೋಳ–ಯಡೂರು, ಕಾರದಗಾ–ಭೋಜ, ಮಲಿಕವಾಡ–ದತ್ತವಾಡದಲ್ಲಿ ಬ್ಯಾರೇಜಿನ ಮೇಲೆಯೇ ದಾರಿಯಾಗಿ, ಅಂಬಿಗರ ಮಕ್ಕಳು ಸಕ್ಕರೆ ಫ್ಯಾಕ್ಟರಿಗಳಿಗೆ ಹೋದರು. ಅವರು ಹೋದದ್ದು ಸರಿ. ಆ ಕೆಲಸದಲ್ಲಿ ಹೊಟ್ಟೆ ತುಂಬುತ್ತಿರಲಿಲ್ಲ. ಮಳೆ ಜೋರಾದರೆ ಆ ದಾರಿಗಳು ಮುಳುಗುತ್ತವೆ, ಆಗ ಮತ್ತೆ ದೋಣಿ ಬೇಕು.

2005, 2019, 2021ರಲ್ಲಿ ಊರೊಳಗೇ ದೋಣಿ ನಡೆದವು. 2019ರ ಆಗಸ್ಟ್‌ನಲ್ಲಿ ನೀರು ಇಳಿದ ಮುಂಜಾನೆ ಒಂದು ಕಬ್ಬಿಣದ ದೋಣಿ ಕಂಪೌಂಡ್ ಗೋಡೆಯ ಮೇಲೆ ತಳ ನೆಗ್ಗಿ ಕೂತಿದ್ದನ್ನು ನೋಡಿದೆ. ಅದನ್ನು ತಂದವರು ನಿದ್ದೆಗೆಟ್ಟು ನಮ್ಮ ಜನರನ್ನು ಉಳಿಸಿದವರು, ಅವರನ್ನು ದೂರುವಂತಿಲ್ಲ. ಆ ನೀರಿನ ಕೆಳಗೆ ಏನಿದೆ, ಎಷ್ಟು ಬೇಗ ಇಳಿಯುತ್ತದೆ ಎಂದು ಹೇಳುವ ಊರವನೊಬ್ಬ ಅವರ ಹತ್ತಿರ ಇರಬೇಕಿತ್ತು. ಹೊಳೆದಂಡೆಯ ಊರುಗಳಲ್ಲಿ ಅಂಥ ಹಿರಿಯರು ಇನ್ನೂ ಇದ್ದಾರೆ. ಮಳೆಗಾಲದ ಮುಂಚಿನ ಪಂಚಾಯಿತಿ ಸಭೆಗೆ ಅವರನ್ನು ಕರೆಯಬೇಕು. ಪ್ರತಿ ಊರಲ್ಲೂ ದೋಣಿ ನಿಲ್ಲಿಸಲು ಕಲ್ಲಿಲ್ಲದ ಜಾಗ ಯಾವುದು, ಗೂಟ ಯಾರ ಹೊಲದಲ್ಲಿ ಎಂದು ಅವರಿಂದಲೇ ಗುರುತು ಹಾಕಿಸಿ, ಮಿರಗ ಕೂಡುವುದರೊಳಗೆ ಹುಗಿಸಿಡಬೇಕು.