ಕಿಟಕಿ ಹೊಸದು, ಸಂದು ಯಾರು ಕೇಳಬೇಕು?

ಹಳೆಯ ಮರದ ಕಿಟಕಿ ಕಿತ್ತು ಅಲ್ಯೂಮಿನಿಯಂ, ಯುಪಿವಿಸಿ ಕಿಟಕಿ ಕೂರಿಸುವುದು ಈಗ ನಮ್ಮ ಊರುಗಳಿಗೂ ಬಂದಿದೆ. ಗಾಜು ಎಷ್ಟು ದಪ್ಪ, ಬಣ್ಣ ಯಾವುದು ಎಂದು ಹತ್ತು ಸಲ ಕೇಳುತ್ತೇವೆ. ಚೌಕಟ್ಟಿಗೂ ಗೋಡೆಗೂ ನಡುವೆ ಉಳಿಯುವ ಬೆರಳಗಲದ ಸಂದನ್ನು ಹೇಗೆ ತುಂಬುತ್ತೀರಿ ಎಂದು ಮಾತ್ರ ಕೇಳುವುದಿಲ್ಲ. ಆ ಸಂದಿಗೂ ಒಂದು ಇತಿಹಾಸವಿದೆ. ಅದನ್ನು ಬರೆದದ್ದು ಚಳಿ ದೇಶಗಳು.

ಅಲ್ಲಿ ಚಳಿಗಾಲವಿಡೀ ಎಣ್ಣೆ, ಗ್ಯಾಸು ಉರಿಸಿ ಮನೆ ಬೆಚ್ಚಗಿಡಬೇಕು. ಸಂದಿನಲ್ಲಿ ಗಾಳಿ ನುಗ್ಗಿದರೆ ಉರಿಸಿದ ದುಡ್ಡು ಹೊರಗೆ ಹೋದಂತೆ. ರಷ್ಯಾದ ಮನೆಗಳಲ್ಲಿ ಚಳಿಗೆ ಮೊದಲೇ ಕಿಟಕಿಯ ಸಂದಿಗೆ ಹತ್ತಿ ತುರುಕಿ, ಮೇಲೆ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಚಳಿ ಕಳೆದ ಮೇಲೆ ಕಿತ್ತು ಬಿಸಾಡುತ್ತಿದ್ದರು.

1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದವು. ಬ್ಯಾರೆಲ್‌ಗೆ 3 ಡಾಲರ್ ಆಸುಪಾಸಿನಲ್ಲಿದ್ದ ಬೆಲೆ ಕೆಲವೇ ತಿಂಗಳಲ್ಲಿ 12 ಡಾಲರ್ ಹತ್ತಿರಕ್ಕೆ ಏರಿತು. ಆಗ ಜನ ಸಂದುಗಳನ್ನು ಹುಡುಕತೊಡಗಿದರು. ಬಡವರ ಮನೆಗಳಿಗೆ ಈ ಕೆಲಸ ಮಾಡಿಸಿಕೊಡಲು ಅಲ್ಲಿನ ಸರ್ಕಾರ 1976ರಲ್ಲಿ ಯೋಜನೆಯನ್ನೇ ತಂದಿತು.

ಅದೇ ಹೊತ್ತಿಗೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ನ್ಯೂಜೆರ್ಸಿಯ ಟ್ವಿನ್ ರಿವರ್ಸ್ ಎಂಬ ಬಡಾವಣೆಯ ಮನೆಗಳನ್ನು ಅಳೆಯುತ್ತಿದ್ದರು. ಲೆಕ್ಕಕ್ಕಿಂತ ಹೆಚ್ಚು ಬಿಸಿ ಸೋರುತ್ತಿತ್ತು. ಗೌತಮ್ ದತ್ ಎಂಬ ಸಂಶೋಧಕರು ಕಾರಣ ಹಿಡಿದರು: ಗೋಡೆಯೊಳಗಿನ ಕಾಣದ ಸಂದುಗಳ ಮೂಲಕ ಬೆಚ್ಚನೆ ಗಾಳಿ ಅಟ್ಟಕ್ಕೆ ಏರಿ ಹೋಗುತ್ತಿತ್ತು. ಸ್ವೀಡನ್ನಿನಲ್ಲಿ ಕಿಟಕಿಗೆ ದೊಡ್ಡ ಫ್ಯಾನ್ ಕಟ್ಟಿ ಸೋರಿಕೆ ಅಳೆಯುವ ಉಪಾಯ ಬಂತು. ಮನೆಯ ಗಾಳಿಯನ್ನು ಫ್ಯಾನ್ ಹೊರಗೆ ಎಳೆದಾಗ, ಸಂದು ಇದ್ದ ಕಡೆಯಿಂದೆಲ್ಲ ಹೊರಗಾಳಿ ಒಳಗೆ ನುಗ್ಗಿ ಸಿಕ್ಕಿಬೀಳುತ್ತದೆ.

ಹಾಗೆಂದು ಎಲ್ಲವನ್ನೂ ಮೆತ್ತಿಬಿಟ್ಟರೆ ಸಾಕೆ? ಕೆನಡಾದ ವ್ಯಾಂಕೂವರ್ ಉತ್ತರ ಕೊಟ್ಟಿತು. 1980, 90ರ ದಶಕಗಳಲ್ಲಿ ಅಲ್ಲಿ ಕಟ್ಟಿದ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಮಳೆನೀರು ಕಿಟಕಿ ಅಂಚುಗಳಿಂದ ಗೋಡೆಯೊಳಗೆ ಇಳಿಯಿತು. ಹೊರಬರಲು ದಾರಿಯಿಲ್ಲದೆ ಮರ ಕೊಳೆಯಿತು. ಜನ ಉಳಿತಾಯವನ್ನೆಲ್ಲ ರಿಪೇರಿಗೆ ಸುರಿದರು. 1998ರಲ್ಲಿ ಸರ್ಕಾರ ವಿಚಾರಣಾ ಆಯೋಗ ನೇಮಿಸಬೇಕಾಯಿತು.

ನಮ್ಮಲ್ಲಿ ಚಳಿಗಿಂತ ಮಳೆ ಎರಚಲಿನ ಕಾಟ ಹೆಚ್ಚು. ಆದರೂ ಪಾಠ ಒಂದೇ: ಸಂದು ತುಂಬಬೇಕು, ನೀರಿಗೆ ದಾರಿಯನ್ನೂ ಬಿಡಬೇಕು. ಉಬ್ಬುವ ಫೋಮನ್ನು ಹದವಾಗಿ ಹಾಕಿಸಿ. ಅತಿಯಾದರೆ ಚೌಕಟ್ಟು ಬಾಗಿ ಬಾಗಿಲು ಸಿಕ್ಕಿಕೊಳ್ಳುತ್ತದೆ. ಹೊರಗಿನ ಅಂಚಿಗೆ ಸಿಲಿಕಾನ್ ಇರಲಿ, ಕೆಳಗಿನ ಕಟ್ಟೆ ಹೊರಕ್ಕೆ ಇಳಿಜಾರಿರಲಿ. ಚೌಕಟ್ಟಿನ ಕೆಳಗಿರುವ ಸಣ್ಣ ತೂತುಗಳು ನೀರು ಹೋಗಲೆಂದೇ ಇಟ್ಟವು, ಅವನ್ನು ಸಿಮೆಂಟಿನಿಂದ ಮುಚ್ಚಲು ಬಿಡಬೇಡಿ.

ಕೆಲಸ ಮುಗಿದ ಮೇಲೆ, ಗಾಳಿ ಬೀಸುವ ದಿನ ಒಂದು ಊದುಬತ್ತಿ ಹಚ್ಚಿ ಚೌಕಟ್ಟಿನ ಸುತ್ತ ಹಿಡಿಯಿರಿ. ಹೊಗೆ ಓಲಾಡಿದ ಜಾಗ ತೋರಿಸಿ, ಆಮೇಲೆ ಮೇಸ್ತ್ರಿಗೆ ಬಾಕಿ ಹಣ ಕೊಡಿ.