ಮಹಾಮಾರಿಯ ಕಾಲದಲ್ಲಿ ನಿವಾಸಿ ವೈದ್ಯರು

ತೆಂಗಳಿಯಲ್ಲಿ ಅಪರಾತ್ರಿ ಯಾರಿಗಾದರೂ ಎದೆನೋವು ಕಾಣಿಸಿಕೊಂಡರೆ ಮನೆಯವರು ಸಿಕ್ಕಿದ ವಾಹನವೇರಿ ಕಲಬುರಗಿಯ ದಾರಿ ಹಿಡಿಯುತ್ತಾರೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಜನರದೂ ಇದೇ ಪಾಡು. ಅಲ್ಲಿ ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ಅವರಿಗೆ ಮೊದಲು ಎದುರಾಗುವವರು ಹೆಸರಾಂತ ತಜ್ಞರಲ್ಲ. ಇಪ್ಪತ್ತಾರು ಇಪ್ಪತ್ತೇಳರ ಹರೆಯದ, ಕಣ್ಣಲ್ಲಿ ನಿದ್ದೆ ತುಂಬಿದ ತರುಣನೋ ತರುಣಿಯೋ ಆಗಿರುತ್ತಾರೆ. ಎಂ.ಬಿ.ಬಿ.ಎಸ್. ಮುಗಿಸಿ, ಮೂರು ವರ್ಷಗಳ ಸ್ನಾತಕೋತ್ತರ ಶಿಕ್ಷಣಕ್ಕೆ ಸೇರಿದ ಇವರೇ ನಿವಾಸಿ ವೈದ್ಯರು. ಪ್ರಿಯ ವಾಚಕರೇ, ಕೊರೋನಾ ಮಹಾಮಾರಿಯ ಇತಿಹಾಸವನ್ನು ಬರೆಯುವವರು ಸತ್ತವರ ಲೆಕ್ಕವನ್ನು ಬರೆದಾರು, ಸರ್ಕಾರದ ಆದೇಶಗಳನ್ನು ಬರೆದಾರು. ಈ ತರುಣರ ವಿದ್ಯೆಗೆ ಒದಗಿದ ಹಾನಿಯನ್ನು ಯಾರೂ ಮರೆಯಬಾರದೆಂದು ಈ ಲೇಖನ.

'ನಿವಾಸಿ' ಎಂಬ ಹೆಸರು ಸುಮ್ಮನೆ ಬಂದುದಲ್ಲ. 1889ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ತೆರೆದಾಗ ವಿಲಿಯಂ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯರು ಶಿಷ್ಯರನ್ನು ಆಸ್ಪತ್ರೆಯಲ್ಲಿಯೇ ವಾಸಮಾಡಿಸಿ ಕಲಿಸುವ ಪದ್ಧತಿಯನ್ನು ರೂಢಿಸಿದರು. ಗುರುವಿನ ಮನೆಯಲ್ಲಿದ್ದು ವಿದ್ಯೆ ಕಲಿಯುವ ನಮ್ಮ ಹಳೆಯ ಕ್ರಮಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಆದರೆ ಇದರಲ್ಲೊಂದು ತೊಡಕಿದೆ. ನಿವಾಸಿ ವೈದ್ಯನು ವಿದ್ಯಾರ್ಥಿಯೂ ಹೌದು, ಆಸ್ಪತ್ರೆಯ ದುಡಿಮೆಯ ಆಳೂ ಹೌದು. ಮಹಾಮಾರಿ ಬಂದಾಗ ವಿದ್ಯಾರ್ಥಿ ಮರೆಯಾಗಿ ಆಳು ಮಾತ್ರ ಉಳಿಯುತ್ತಾನೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಕನ್ನಡ ನಾಡಿನಲ್ಲಿ ವೈದ್ಯಕೀಯ ಕಾಲೇಜೆಂಬುದೇ ಇರಲಿಲ್ಲ. ಜಾತಿಯ ಕಾರಣದಿಂದ ತಿರುವಾಂಕೂರಿನಲ್ಲಿ ಕೆಲಸ ದೊರೆಯದೆ ಮೈಸೂರು ಸಂಸ್ಥಾನದ ಸೇವೆಗೆ ಬಂದಿದ್ದ ಡಾ. ಪಲ್ಪು ಅವರು ಪ್ಲೇಗಿನ ಶಿಬಿರದಲ್ಲಿ ದುಡಿದರು. ಅವರು ಕಲಿತು ಮುಗಿಸಿದ್ದ ವೈದ್ಯರು. ಬೆಂಗಳೂರಿನಲ್ಲಿ ವೈದ್ಯಶಾಲೆ ಆರಂಭವಾದುದು 1917ರಲ್ಲಿ; ಮರುವರ್ಷವೇ ಇನ್‌ಫ್ಲುಯೆಂಜಾ ಬಂದಿತು. ನಮ್ಮ ಕಲಬುರಗಿಗೆ ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಮಹಾವಿದ್ಯಾಲಯ ಬಂದುದು 1963ರಲ್ಲಿ. ಆಮೇಲೆ ಇ.ಎಸ್.ಐ. ಕಾಲೇಜು, ಸರ್ಕಾರದ ಜಿಮ್ಸ್ ಬಂದವು. ಹೀಗೆ ಕಲಿಯುವವರ ದೊಡ್ಡ ಪಡೆಯೊಂದು ನೆಲೆಗೊಂಡಿದ್ದ ಊರಿಗೇ 2020ರಲ್ಲಿ ಮಾರಿ ಕಾಲಿಟ್ಟಿತು.

ಭಾರತದ ಮೊದಲ ಕೊರೋನಾ ಸಾವು ನಮ್ಮ ಕಲಬುರಗಿಯವರದೆಂಬುದು ತಮಗೆ ತಿಳಿದೇ ಇದೆ. 2020ರ ಮಾರ್ಚ್ 10ರಂದು 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಒಂದೇ ವಾರದಲ್ಲಿ, ಅವರಿಗೆ ಚಿಕಿತ್ಸೆ ನೀಡಿದ್ದ ವೈದ್ಯರಿಗೂ ಸೋಂಕು ತಗಲಿದ್ದು ಖಚಿತವಾಯಿತು. ಆ ದಿನಗಳಲ್ಲಿ ಆಸ್ಪತ್ರೆಯ ಒಳಗಿದ್ದ ಕಿರಿಯರ ಮನಸ್ಸಿನ ಸ್ಥಿತಿಯನ್ನು ಊಹಿಸಿ ನೋಡಿರಿ. ಮೇ ತಿಂಗಳಲ್ಲಿ ಮುಂಬಯಿ, ಪುಣೆಗಳಿಂದ ನಮ್ಮ ತಾಂಡಾಗಳ ದುಡಿಯುವ ಜನ ತಿರುಗಿ ಬಂದರು, ಸೋಂಕು ಏರಿತು. ಕಲಬುರಗಿಯ ಬೇಸಗೆ ಎಂಥದೆಂದು ತಮಗೆ ಹೇಳಬೇಕಾಗಿಲ್ಲ. ಆ ಉರಿಯಲ್ಲಿ ಗಾಳಿಯಾಡದ ಪಿ.ಪಿ.ಇ. ಕಿಟ್ ತೊಟ್ಟು ಗಂಟೆಗಟ್ಟಲೆ ನೀರು ಕುಡಿಯದೆ ಇರಬೇಕು. ಪಾಳಿ ಮುಗಿದ ಮೇಲೂ ಮನೆಗೆ ಹೋಗುವಂತಿಲ್ಲ. ಹೆತ್ತವರಿಗೆ ರೋಗ ಅಂಟೀತೆಂಬ ಭಯ.

ದೇಹದ ದಣಿವು ಒಂದು ಬಗೆಯದು. ವಿದ್ಯೆಯ ನಷ್ಟ ಬೇರೆ ಬಗೆಯದು. ಶಸ್ತ್ರಚಿಕಿತ್ಸೆ ಕಲಿಯುವವನು ಮೊದಲು ಗುರುವಿನ ಪಕ್ಕದಲ್ಲಿ ನಿಂತು ನೋಡುತ್ತಾನೆ, ಆಮೇಲೆ ಹೊಲಿಗೆ ಹಾಕುತ್ತಾನೆ, ಕೊನೆಗೆ ಗುರುವಿನ ಕಣ್ಣೆದುರಿಗೇ ಕತ್ತಿ ಹಿಡಿಯುತ್ತಾನೆ. ಈ ಕಲಿಕೆಯ ಬಹುಪಾಲು ನಡೆಯುವುದು ಅಂಡವಾಯು, ಪಿತ್ತಕೋಶ, ಕಣ್ಣಿನ ಪೊರೆ ಮುಂತಾದ, ತುರ್ತಲ್ಲದ ಶಸ್ತ್ರಕ್ರಿಯೆಗಳಲ್ಲಿ. ನಿಂತದ್ದೇ ಅವು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯನ್ನು ಕೊರೋನಾಕ್ಕೇ ಮೀಸಲಿಟ್ಟಾಗ ಉಳಿದ ರೋಗಿಗಳು ಬೇರೆಡೆಗೆ ಹೋದರು. ಮೂಳೆಯ ವೈದ್ಯ, ಕಣ್ಣಿನ ವೈದ್ಯ, ಚರ್ಮದ ವೈದ್ಯ ಆಗಹೊರಟವರೆಲ್ಲರೂ ಆಮ್ಲಜನಕದ ಕೊಳವೆ ನೋಡುತ್ತ ನಿಂತರು. ಅದರಿಂದ ಏನೂ ಕಲಿಯಲಿಲ್ಲವೆಂದಲ್ಲ. ಉಸಿರಾಟದ ಯಂತ್ರವನ್ನು ನಡೆಸುವುದನ್ನು, ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳುವುದನ್ನು ಅವರು ಬೇಗನೆ ಕಲಿತರು. ನಮ್ಮ ಪ್ರಸಾದ ನಿಲಯದಲ್ಲಿದ್ದು ಓದಿ ಶಸ್ತ್ರವೈದ್ಯನಾದ ತರುಣನೊಬ್ಬನು ಮಠಕ್ಕೆ ಬಂದಾಗ, "ಅಪ್ಪಾರ, ಪುಸ್ತಕದಾಗ ಓದೀನಿ, ಕೈಗೆ ಬಂದಿಲ್ಲ" ಎಂದನು. ನಮಗೆ ಉತ್ತರ ತೋಚಲಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು 2021ರದು. ಜನವರಿಯಲ್ಲಿ ನಡೆಯಬೇಕಿದ್ದ ನೀಟ್ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಏಪ್ರಿಲ್‌ಗೆ, ಅಲ್ಲಿಂದಲೂ ಮುಂದಕ್ಕೆ ಹೋಗಿ, ಸೆಪ್ಟೆಂಬರ್ 11ರಂದು ನಡೆಯಿತು. ಬಳಿಕ ಮೀಸಲಾತಿಯ ವ್ಯಾಜ್ಯದಿಂದ ಪ್ರವೇಶ ತಡೆಯಿತು. ಸರ್ವೋಚ್ಚ ನ್ಯಾಯಾಲಯ ದಾರಿ ತೆರೆದುದು 2022ರ ಜನವರಿ 7ರಂದು. ಮೂರು ತಂಡಗಳು ಹೊರಬೇಕಾದ ಹೊರೆಯನ್ನು ಎರಡೇ ತಂಡಗಳು ತಿಂಗಳುಗಟ್ಟಲೆ ಹೊತ್ತವು. ಕೈಗೆ ಬಾರದ ವಿದ್ಯೆಗೂ ಪರೀಕ್ಷೆಯಂತೂ ತಪ್ಪಲಿಲ್ಲ. ಅಂತಿಮ ಪರೀಕ್ಷೆಯನ್ನು ಕೈಬಿಡಬೇಕೆಂಬ ಮನವಿಯನ್ನು ಅದೇ ನ್ಯಾಯಾಲಯ 2021ರ ಜೂನ್‌ನಲ್ಲಿ ಒಪ್ಪಲಿಲ್ಲ. ರೋಗಿಗಳ ದೃಷ್ಟಿಯಿಂದ ಅದು ಸರಿಯೇ ಎಂದು ನಮ್ಮ ಭಾವನೆ.

2020ರ ಮೇ 3ರಂದು ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರಿನಿಂದ ಹೂಮಳೆ ಸುರಿಯಿತು. ಎರಡು ತಿಂಗಳು ಕಳೆಯುವುದರೊಳಗೆ ದಾವಣಗೆರೆಯಲ್ಲಿ ಕಿರಿಯ ವೈದ್ಯರು ಬಾಕಿಯಾದ ಶಿಷ್ಯವೇತನಕ್ಕಾಗಿ ಬೀದಿಗಿಳಿದರು. 2021ರ ನವೆಂಬರ್‌ನಲ್ಲಿ ರಾಜ್ಯದ ನಿವಾಸಿ ವೈದ್ಯರು ಕೊರೋನಾ ಭತ್ಯೆಗಾಗಿ ಹೊರರೋಗಿ ವಿಭಾಗವನ್ನು ಬಹಿಷ್ಕರಿಸಿದರು. ವಾಚಕರೇ, ಕಾಯಕವೆಂಬ ಮಾತು ನಮ್ಮದು. ದುಡಿದವನನ್ನು ಕಾಯಕಯೋಗಿಯೆಂದು ಹಾಡಿ ಹೊಗಳಿ, ಅವನ ಕೂಲಿಯನ್ನು ತಡೆಹಿಡಿಯಲು ಆ ಮಾತನ್ನು ಬಳಸಬಾರದು.

ದುಡಿಮೆಯ ಅವಧಿಯ ಕಥೆಯನ್ನೂ ಕೇಳಿರಿ. 1992ರಲ್ಲಿ ಕೇಂದ್ರ ಸರ್ಕಾರವು ನಿವಾಸಿ ವೈದ್ಯರಿಗೆ ವಾರಕ್ಕೆ 48 ಗಂಟೆಯ ದುಡಿಮೆಯನ್ನು ನಿಗದಿಪಡಿಸಿತ್ತು. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯು ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ಪರಿಶೀಲಿಸಿ, ಅವರಿಗೆ ಉಪಶಮನವೆಂದು ಸೂಚಿಸಿದ ಮಿತಿ ವಾರಕ್ಕೆ 74 ಗಂಟೆ. ಉಪಶಮನವೇ ಇಷ್ಟಾದರೆ ನಡೆಯುತ್ತಿದ್ದುದು ಎಷ್ಟಿರಬೇಕು!

2020ರಲ್ಲಿ ಸೇರಿದ ತಂಡವು ಮಾರಿಯಿಲ್ಲದ ವಾರ್ಡನ್ನು ಮೊದಲೆರಡು ವರ್ಷ ಕಾಣಲೇ ಇಲ್ಲ. ಆ ತಂಡದವರು 2023ರಲ್ಲಿ ಕಲಿಕೆ ಮುಗಿಸಿ ಹೊರಬಂದರು. ಇಂದು ತಾಲ್ಲೂಕು ಆಸ್ಪತ್ರೆಗಳಲ್ಲಿ, ಊರೂರ ನರ್ಸಿಂಗ್ ಹೋಮುಗಳಲ್ಲಿ ತಜ್ಞರಾಗಿ ಕುಳಿತಿರುವವರಲ್ಲಿ ಅವರೂ ಇದ್ದಾರೆ. ಮಾರಿ ಕಸಿದುಕೊಂಡ ಕಲಿಕೆಯನ್ನು ಹಲವರು ಹಿರಿಯ ಶಸ್ತ್ರವೈದ್ಯರ ಬಳಿ ಮತ್ತೆ ಸಹಾಯಕರಾಗಿ ನಿಂತು, ತಮ್ಮ ಬಿಡುವಿನ ದಿನಗಳಲ್ಲಿ, ಈಗಲೂ ತುಂಬಿಕೊಳ್ಳುತ್ತಿದ್ದಾರೆ. ಮಠಕ್ಕೆ ಬಂದಿದ್ದ ಆ ತರುಣನೂ ಹಾಗೆಯೇ ಮಾಡುತ್ತಿದ್ದಾನೆ.