ಅಂಗಿಯ ಮೇಲೆ ಬಂದ ಪೆರೂನ

ರಷ್ಯ, ಪೋಲೆಂಡುಗಳಲ್ಲಿ ಈಚೆಗೆ ತರುಣರು ತೊಡುವ ಕೆಲವು ಅಂಗಿಗಳ ಎದೆಯ ಮೇಲೆ ಗಡ್ಡದ ದೇವರೊಬ್ಬನನ್ನೋ, ಎಂಟು ಅರಗಳ ಚಕ್ರವೊಂದನ್ನೋ ಅಚ್ಚುಹಾಕಿರುತ್ತಾರೆ. ದೇವರು ಸಿಡಿಲಿನ ಒಡೆಯ ಪೆರೂನ. ಚಕ್ರದ ಹೆಸರು ಕೊಲೊವ್ರತ್. ಎರಡೂ ಕ್ರೈಸ್ತಮತ ಬರುವುದಕ್ಕೆ ಮುಂಚಿನ ಸ್ಲಾವ್ ಧರ್ಮದವೆಂದು ತೊಡುವವರ ನಂಬಿಕೆ. ಇದರಲ್ಲಿ ಹಳತೆಷ್ಟು, ಹೊಸತೆಷ್ಟು?

ಪೆರೂನನೇನೋ ಹಳಬನೇ. ಕೀವ್ ನಗರದ ರಾಜ ವ್ಲಾದಿಮಿರ 980ರಲ್ಲಿ ಅರಮನೆಯ ಹೊರಗಿನ ದಿಬ್ಬದ ಮೇಲೆ ಅವನ ಮರದ ವಿಗ್ರಹವನ್ನು ನಿಲ್ಲಿಸಿದನೆಂದೂ, ಅದಕ್ಕೆ ಬೆಳ್ಳಿಯ ತಲೆ, ಚಿನ್ನದ ಮೀಸೆ ಇದ್ದುವೆಂದೂ 12ನೆಯ ಶತಮಾನದ ವೃತ್ತಾಂತಗ್ರಂಥವೊಂದು ತಿಳಿಸುತ್ತದೆ. (ಮೀಸೆಯ ಮಾತುಂಟು, ಗಡ್ಡದ ಮಾತಿಲ್ಲ, ಗಡ್ಡ ಬೆಳೆಸಿದವರು ಇಂದಿನ ಚಿತ್ರಕಾರರು!) ದೇವರ ವೈಭವ ಎಂಟೇ ವರ್ಷದ್ದು. 988ರಲ್ಲಿ ರಾಜ ಕ್ರೈಸ್ತನಾದ. ಅದೇ ವಿಗ್ರಹವನ್ನು ಕುದುರೆಯ ಬಾಲಕ್ಕೆ ಕಟ್ಟಿಸಿ, ಹನ್ನೆರಡು ಮಂದಿಯಿಂದ ಕೋಲುಗಳಲ್ಲಿ ಹೊಡೆಸಿ, ದ್ನೀಪರ್ ನದಿಗೆ ತಳ್ಳಿಸಿದ. ಜನ ಅತ್ತರಂತೆ. ಇದನ್ನೆಲ್ಲ ಬರೆದಿಟ್ಟವರು ಗೆದ್ದ ಮತದ ಸಂನ್ಯಾಸಿಗಳು ಎಂಬುದನ್ನು ವಾಚಕರು ಮರೆಯಬಾರದು.

ಚಕ್ರದ ಕಥೆ ಬೇರೆ. ಆರೆಸಳಿನ ಹೂವು, ಸ್ವಸ್ತಿಕಗಳು ಅಲ್ಲಿನ ಹಳ್ಳಿಗರ ಮರಗೆಲಸದಲ್ಲಿ, ಕಸೂತಿಯಲ್ಲಿ ಹಿಂದಿನಿಂದಲೂ ಉಂಟು. ಆದರೆ ಎಂಟು ಅರಗಳ ಇಂಥ ಚಕ್ರ ಪೋಲೆಂಡಿನ ಕಲಾವಿದ ಸ್ತಾನಿಸ್ಲಾವ್ ಯಾಕುಬೊವ್ಸ್ಕಿ 1923ರಲ್ಲಿ ಪ್ರಕಟಿಸಿದ ಮರದಚ್ಚಿನ ಚಿತ್ರಗಳಲ್ಲಿ ಕಾಣುತ್ತದೆ. ಅದು ಧರ್ಮದ ಲಾಂಛನವಾದದ್ದು 1990ರ ದಶಕದ ರಷ್ಯದಲ್ಲಿ. ಪರಜನಾಂಗದ್ವೇಷವನ್ನು ಸಾರುವ ಗುಂಪುಗಳೂ ಅದನ್ನೆತ್ತಿಕೊಂಡುವು. ಅಜ್ಜಂದಿರ ಮೇಲಿನ ಅಕ್ಕರೆಯಿಂದ ಅಂಗಿ ತೊಟ್ಟ ಹುಡುಗನನ್ನು ಎದುರಿಗೆ ಬಂದವನು ಏನೆಂದು ತಿಳಿಯಬೇಕು? ಚೆಕ್ ಭಾಷೆಯಲ್ಲಿ ಕೊಲೊವ್ರತ್ ಎಂದರೆ ನೂಲುವ ರಾಟೆ, ಅಷ್ಟೆ.

ಅಚ್ಚಿನ ಬಟ್ಟೆ ರಷ್ಯಕ್ಕೆ ಹೊಸದಲ್ಲ. ಕೆತ್ತಿದ ಮರದ ಅಚ್ಚಿಗೆ ಬಣ್ಣ ಹಚ್ಚಿ, ನಾರುಬಟ್ಟೆಯ ಮೇಲಿಟ್ಟು ಬಡಿಯುತ್ತಿದ್ದರು. 'ನಾಬೊಯ್ಕ' ಎಂಬ ಹೆಸರೇ ಬಡಿಯುವುದರಿಂದ ಬಂದದ್ದು. ಅದರ ಮೇಲೆ ಹೆಚ್ಚಾಗಿ ಹೂವು, ಬಳ್ಳಿ, ಹಕ್ಕಿಗಳು. ಅಚ್ಚಿನ ಹತ್ತಿಬಟ್ಟೆಗೆ ರಷ್ಯನರು ಹೇಳುವ 'ಸೀತೆತ್ಸ್' ಎಂಬ ಮಾತು ಡಚ್ಚರ ಮೂಲಕ ಭಾರತದಿಂದ ಹೋದದ್ದು. ನಮ್ಮ ಚೀಟಿಬಟ್ಟೆಯ ನೆಂಟ.

ಹಳೆಯ ದೇವರು ಬಟ್ಟೆಯಲ್ಲಿ ಉಳಿದಿದ್ದರೆ ಅಚ್ಚಿನಲ್ಲಲ್ಲ, ಹೆಂಗಸರ ಕಸೂತಿಯಲ್ಲಿ. ಉತ್ತರ ರಷ್ಯದ ಕೈವಸ್ತ್ರಗಳ ಮೇಲೆ ಕೈಯೆತ್ತಿ ನಿಂತ ಹೆಣ್ಣು, ಇಕ್ಕೆಲಗಳಲ್ಲಿ ಕುದುರೆ ಸವಾರರು. ಅವಳೇ ಮೊಕೋಶ್, ವ್ಲಾದಿಮಿರ ನಿಲ್ಲಿಸಿದ್ದ ದೇವತೆಗಳಲ್ಲಿ ಒಬ್ಬಳೇ ಹೆಣ್ಣು ಎಂದು 1981ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದ ಬೊರಿಸ್ ರಿಬಾಕೊವ್ ವಾದಿಸಿದರು. ಎಲ್ಲ ಪಂಡಿತರೂ ಒಪ್ಪಲಿಲ್ಲ. ಹಳ್ಳಿಯ ಮುದುಕಿಯರು ಮಾತ್ರ 19ನೆಯ ಶತಮಾನದಲ್ಲೂ ಎಚ್ಚರಿಸುತ್ತಿದ್ದರು: ರಾತ್ರಿ ನಾರನ್ನು ಅರ್ಧ ನೂತು ಬಿಟ್ಟು ಮಲಗಬೇಡಿ, ಮಿಕ್ಕದ್ದನ್ನು ಮೊಕೋಶ ಬಂದು ನೂತಾಳು.